"ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡು" ಅನ್ನೋ ಮಾತೇ ಗಾಡಿ ಕೊಲ್ತದ

ಭಾಗ 1/7

ಓಡಿಸಿದ್ರ ಗಾಡಿ ಸವೀತದ, ನಿಲ್ಲಿಸಿದ್ರ ಉಳೀತದ ಅಂತ ನಮ್ಮ ಕಡೆ ಬಹಳ ಮಂದಿ ನಂಬ್ಯಾರ. ಸುಳ್ಳು. ನಿಂತ ಗಾಡಿ ಉಳಿಯೂದಿಲ್ಲ, ಸಪ್ಪಳ ಮಾಡದೇ ಸಾಯ್ತದ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಯಾವ ಓಣಿಗೆ ಹೋದ್ರೂ ಒಂದು ಬೀಗ ಹಾಕಿದ ಮನಿ, ಪತ್ರಾಸ್ ಶೆಡ್‌ನ್ಯಾಗ ಒಂದು ಧೂಳು ಹಿಡಿದ ಬೈಕು ಕಾಣ್ತದ. ಮನಿಯವರು ಗೋವಾದಾಗ, ಪುಣೆದಾಗ, ಮಂಗಳೂರಾಗ ಕೆಲಸಕ್ಕ ಹೋಗ್ಯಾರ. ಕೆಲವರು ಸೆಕೆಂಡ್ ಹ್ಯಾಂಡ್ ಕಾರೂ ಬಿಟ್ಟು ಹೋಗ್ಯಾರ. ಕೀಲಿ ಊರಾಗ ಉಳಿದ ಅವ್ವನ ಕೈಯಾಗೋ ತಂಗಿ ಕೈಯಾಗೋ ಕೊಟ್ಟು, ಇಂಡಿ ರೋಡ್ ಸ್ಟೇಷನ್‌ಗೆ ಹೊರಡೋ ಗಡಿಬಿಡಿಯಾಗ ಹೇಳೂದು ಒಂದೇ ಮಾತು: "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡು."

ನನ್ನ ಜಗಳ ಈ ಮಾತಿನ ಜೋಡಿ. ಕಾಮೆಂಟ್‌ನ್ಯಾಗ ಬೈಯೋರು ಏಳೂ ಭಾಗ ಓದಿ ಆಮೇಲೆ ಬೈರಿ.

ಭಾಗ 2/7

ಐದು ನಿಮಿಷದಾಗ ಎಂಜಿನ್ ಒಳಗ ಏನಾಗ್ತದ? ಪೆಟ್ರೋಲ್ ಉರಿದಾಗ ಹೊಗಿ ಅಷ್ಟೇ ಅಲ್ಲ, ನೀರಿನ ಆವಿನೂ ಹುಟ್ತದ. ಬೆಳಿಗ್ಗೆ ಕಾರಿನ ಸೈಲೆನ್ಸರ್‌ನಿಂದ ಹನಿ ಹನಿ ನೀರು ಬೀಳೂದು ನೋಡೀರಲ್ಲ, ಅದೇ. ಗಾಡಿ ದೂರ ಓಡಿದ್ರ ಎಂಜಿನ್ ಪೂರ್ತಿ ಕಾಯ್ತದ, ಆ ಆವಿ ಹೊರಗ ಹೋಗ್ತದ. ಐದು ನಿಮಿಷಕ್ಕ ಆಫ್ ಮಾಡಿದ್ರ ಅದು ಒಳಗೇ ನೀರಾಗಿ ಆಯಿಲ್‌ಗೆ ಸೇರ್ತದ, ಸೈಲೆನ್ಸರ್ ಒಳಗ ಕೂಡ್ತದ. ಮುಂದಿನ ವಾರ ಮತ್ತಷ್ಟು. ಆರು ತಿಂಗಳಿಗೆ ಸುಮಾರು ಇಪ್ಪತ್ತೈದು ಸಲ ನೀರು ಕುಡಿಸಿದಂಗಾತು. ಸೈಲೆನ್ಸರ್ ಒಳಗಿಂದ ತೂತು ಬಿದ್ರ "ಕಂಪನಿ ಮಾಲೇ ಸರಿ ಇಲ್ಲ" ಅಂತೀವಿ.

ಬ್ಯಾಟರಿ ಕಥಿನೂ ಹಂಗೇ. ಸೆಲ್ಫ್ ಹೊಡೆದಾಗ ಒಮ್ಮೆಲೇ ಖರ್ಚಾಗೋ ಕರೆಂಟು, ಐದು ನಿಮಿಷ ಸ್ಲೋ ಓಡಿದ್ರ ತಿರುಗಿ ತುಂಬೂದಿಲ್ಲ. ಚಾರ್ಜ್ ಮಾಡೀವಿ ಅಂತ ತಿಳಕೊಂಡು ವಾರಾ ವಾರಾ ಖಾಲಿ ಮಾಡ್ತೀವಿ. ಆರೋಗ್ಯವಾಗಿರೋ 12 ವೋಲ್ಟ್ ಬ್ಯಾಟರಿ ಸುಮ್ನೆ ಇದ್ದಾಗ ಸುಮಾರು 12.6 ತೋರಿಸ್ತದ. 12ಕ್ಕ ಇಳೀತು ಅಂದ್ರ ಬಹುತೇಕ ಖಾಲಿ. ಖಾಲಿ ಬ್ಯಾಟರಿ ಹಂಗೇ ವಾರಗಟ್ಟಲೆ ನಿಂತ್ರ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗ್ತದ, ಆಮೇಲೆ ಎಷ್ಟು ಚಾರ್ಜಿಗೆ ಇಟ್ರೂ ಅದು ಮೊದಲಿನಂಗ ಆಗೂದಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಾಗ ಇದೆಲ್ಲ ಇನ್ನೂ ಜಲ್ದಿ.

"ನಮ್ಮಪ್ಪ ಇಪ್ಪತ್ತು ವರ್ಷ ಹಿಂಗೇ ಮಾಡ್ಯಾನ, ಏನೂ ಆಗಿಲ್ಲ." ಗೊತ್ತು ಗೊತ್ತು, ಈ ಕಾಮೆಂಟ್ ಬರೂದೇ. ಅಪ್ಪನ ಗಾಡಿಗೆ ಕಿಕ್ ಇತ್ತು, ಕಿಕ್ ಹೊಡೆದ್ರ ಬ್ಯಾಟರಿ ಮೇಲೆ ಭಾರ ಬೀಳೂದಿಲ್ಲ. ಕಾರ್ಬ್ಯುರೇಟರ್ ಇತ್ತು, ಒಳಗ ಕಂಪ್ಯೂಟರ್ ಇರ್ಲಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಬೈಕುಗಳೂ ಬಹುಪಾಲು ಫ್ಯೂಯೆಲ್ ಇಂಜೆಕ್ಷನ್. ಬ್ಯಾಟರಿ ಸತ್ರ ಗಾಡಿ ಸತ್ತಂಗ. ಮತ್ತ ಅಪ್ಪನ ಕಾಲದ ಪೆಟ್ರೋಲೂ ಈಗ ಇಲ್ಲ.

ಭಾಗ 3/7

ಈಗ ಬಂಕಿನಾಗ ಸಿಗೂದು ಇ20. ಅಂದ್ರ ನೂರು ಲೀಟರ್‌ನ್ಯಾಗ ಇಪ್ಪತ್ತು ಲೀಟರ್ ಎಥೆನಾಲ್. ನಮ್ಮ ಹೊಲದ ಕಬ್ಬು ಕಾರ್ಖಾನಿಗೆ ಹೋಗ್ತದ, ಮಳ್ಳಿಯಿಂದಲೋ ರಸದಿಂದಲೋ ಎಥೆನಾಲ್ ಆಗಿ ನಮ್ಮ ಟ್ಯಾಂಕಿಗೇ ವಾಪಸ್ ಬರ್ತದ. ರೈತನ ಮಗನಾಗಿ ನನಗ ಇದರ ಮೇಲೆ ಸಿಟ್ಟಿಲ್ಲ. ಆದ್ರ ಎಥೆನಾಲ್ ಗಾಳಿಯಾಗಿನ ತೇವ ಎಳಕೋತದ. ಅರ್ಧ ಖಾಲಿ ಟ್ಯಾಂಕಿನಾಗ ಗಾಳಿ ಜಾಸ್ತಿ, ತೇವಾನೂ ಜಾಸ್ತಿ. ಮಳಿಗಾಲ ಪೂರ್ತಿ ನಿಂತ್ರ ನೀರು ಮತ್ತ ಎಥೆನಾಲ್ ಸೇರಿ ಕೆಳಗ ಬೇರೆಯಾಗಿ ಕೂಡಬಹುದು. ಕಬ್ಬಿಣದ ಟ್ಯಾಂಕು ಅಲ್ಲಿಂದಲೇ ತುಕ್ಕು ಹಿಡಿಯಾಕ ಸುರು. ಆ ತುಕ್ಕಿನ ಪುಡಿ ಇಂಜೆಕ್ಟರ್‌ಗೆ ಹೋದ್ರ ಖರ್ಚು ಎಷ್ಟು ಅಂತ ನಿಮ್ಮ ಮೆಕ್ಯಾನಿಕ್‌ನ ಕೇಳ್ರಿ.

2023ರ ಏಪ್ರಿಲ್‌ಗಿಂತ ಹಳೆಯ ಗಾಡಿ ಇದ್ರ ಇನ್ನೊಂದು ಮಾತು. ಹಳೇ ಗಾಡಿಗಳಾಗ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳೇತಿ. ಹೊರಡೋ ಮೊದಲು ಪೈಪು ಮುಟ್ಟಿ ನೋಡ್ರಿ. ಬಿರುಕು ಬಿಟ್ಟಿದ್ರ ಬದಲಿಸ್ರಿ.

ಹಂಗಾದ್ರ ಮಾಡೂದೇನು? ಹೊರಡೋ ಹಿಂದಿನ ದಿನ ಟ್ಯಾಂಕ್ ತುಂಬಿಸ್ರಿ, ಗಾಳಿಗೆ ಜಾಗ ಇರಬಾರದು. ತುಂಬಿಸಿದ ಮೇಲೆ ಒಂದಿಷ್ಟು ಕಿಲೋಮೀಟರ್ ಓಡಿಸಿ ಬರ್ರಿ, ಹೊಸ ಪೆಟ್ರೋಲ್ ಪೈಪಿನಾಗೂ ಬರಲಿ. ಹಳೇ ಕಾರ್ಬ್ಯುರೇಟರ್ ಬೈಕಾದ್ರ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗೇ ಆಫ್ ಆಗೋ ತನಕ ಓಡಲಿ ಬಿಡ್ರಿ. ಇಲ್ಲಾಂದ್ರ ಕಾರ್ಬ್ಯುರೇಟರ್‌ನ್ಯಾಗ ಉಳಿದದ್ದು ಆರಿ ಅಂಟಿನಂಗ ಆಗಿ ಜೆಟ್ ಮುಚ್ಚತದ.

ಮತ್ತ ಆಯಿಲ್. ಇದನ್ನ ನಾವು ಉಲ್ಟಾ ಮಾಡ್ತೀವಿ. "ಹೆಂಗಿದ್ರೂ ನಿಲ್ಲಿಸೂದೈತಿ, ವಾಪಸ್ ಬಂದ ಮೇಲೆ ಹೊಸಾದು ಹಾಕಸ್ತೀನಿ." ಅಲ್ಲ ತಮ್ಮಾ, ಹಳೇ ಆಯಿಲ್‌ನ್ಯಾಗ ಉರಿದ ಹೊಲಸು, ಆಮ್ಲ, ತೇವ ಎಲ್ಲಾ ಐತಿ. ಅದನ್ನ ಆರು ತಿಂಗಳು ಬೇರಿಂಗ್ ಮೇಲೆ ಕೂಡಿಸಿ ಹೋಗೂದಂದ್ರ ಉಪ್ಪು ಹಚ್ಚಿ ಇಟ್ಟಂಗ. ಸ್ಪ್ಲೆಂಡರ್‌ನಂಥ ಬೈಕಿಗೆ ಹಿಡಿಯೂದೇ ಲೀಟರ್ ಒಳಗ. ನಿಲ್ಲಿಸೋ ಮೊದಲೇ ಹಾಕಸ್ರಿ.

ಡೋಣಿ ದಂಡಿ ಊರಿನವರಿಗೆ ಒಂದು ಮಾತು: ನಿಮ್ಮ ಕಡೆ ನೀರು ಸೌಳು. ಅದೇ ನೀರು ಕಾರಿನ, ಟ್ರ್ಯಾಕ್ಟರಿನ ರೇಡಿಯೇಟರ್‌ಗೆ ಸುರಿಯೂದು ಬಿಡ್ರಿ. ಕೂಲಂಟ್ ಇರೂದು ಅದಕ್ಕೇ.

ಭಾಗ 4/7

ಇಂಡಿ ಲಿಂಬಿಗೆ ಜಿಐ ಟ್ಯಾಗ್ ಸಿಕ್ಕೇತಿ, ನಮಗೆಲ್ಲ ಹೆಮ್ಮಿ. ಆಯುಧ ಪೂಜಿ ದಿವಸ ನಾಲ್ಕು ಗಾಲಿ ಕೆಳಗ ನಾಲ್ಕು ಲಿಂಬಿ ಇಟ್ಟು ಹಾಯಿಸ್ತೀವಿ, ರೀಲ್ಸ್ ಮಾಡ್ತೀವಿ. ಮಾಡ್ರಿ, ನಾನೂ ಮಾಡ್ತೀನಿ. ಆದ್ರ ಲಿಂಬಿ ಇಡಾಕ ಬಗ್ಗಿದಾಗ ಆ ಟೈರಿನ ಬದಿ ಒಮ್ಮೆಯಾದ್ರೂ ಓದೀರೇನು?

ಟೈರಿನ ಬದಿಗೆ ಸಣ್ಣ ಚೌಕಟ್ಟಿನಾಗ ನಾಲ್ಕು ಅಂಕಿ ಇರ್ತಾವ. 2319 ಅಂತ ಇದ್ರ 2019ನೇ ವರ್ಷದ 23ನೇ ವಾರ ತಯಾರಾದ ಟೈರು. ಗಾಡಿ ಓಡಿಲ್ಲ, ಗುಂಡಿ ಸವೆದಿಲ್ಲ, ಹಂಗಾಗಿ ಟೈರ್ ಹೊಸಾದು ಅನ್ನೋ ಲೆಕ್ಕ ನಡಿಯೂದಿಲ್ಲ. ರಬ್ಬರಿಗೆ ಬಿಸಿಲಾಗ, ಗಾಳಿಯಾಗ ವಯಸ್ಸಾಗ್ತದ. ಒಂದೇ ಕಡೆ ಭಾರ ಹೊತ್ತು ನಿಂತ್ರ ಅಲ್ಲೇ ಚಪ್ಪಟಿ ಆಗ್ತದ. ಆಮೇಲೆ ಅದೇ ಟೈರ್ ಮ್ಯಾಲ ನಾಲ್ಕು ಮಂದಿ ಕುಂತು ಮೇ ತಿಂಗಳ ಮಧ್ಯಾಹ್ನ ಎನ್‌ಎಚ್-50ರ ಮೇಲೆ ನೂರರ ಸ್ಪೀಡಿನಾಗ ಸಿಂದಗಿಯಿಂದ ವಿಜಯಪುರಕ್ಕ ಹೊಂಟ್ರ ಲಿಂಬಿ ಕಾಯೂದಿಲ್ಲ.

ನಿಲ್ಲಿಸೋ ಮೊದಲು 3-4 ಪಿಎಸ್‌ಐ ಗಾಳಿ ಹೆಚ್ಚಿಗೆ ಹೊಡಸ್ರಿ. ಬೈಕನ್ನ ಡಬಲ್ ಸ್ಟ್ಯಾಂಡ್ ಹಾಕ್ರಿ. ಎರೆಮಣ್ಣಿನ ಅಂಗಳದಾಗ ಬ್ಯಾಡ, ಮಳಿಗಾಲದಾಗ ಆ ಮಣ್ಣು ವಾರಗಟ್ಟಲೆ ಹಸಿ ಹಿಡಿದಿರ್ತದ. ಪರ್ಸಿ ಕಲ್ಲಿನ ಮೇಲೆ ನಿಲ್ಲಿಸ್ರಿ.

ಭಾಗ 5/7

ಇದು ಸಣ್ಣದು. ಕಬ್ಬಿನ ಗಾಡಿಯ ತಾಡಪಲ್ ತಂದು ಕಾರಿಗೆ ಬಿಗಿಯಾಗಿ ಕಟ್ಟಬ್ಯಾಡ್ರಿ, ಒಳಗ ಬೆವರ್ತದ. ಗಾಳಿ ಆಡೋ ಬಟ್ಟಿ ಕವರ್ ಸಾಕು. ಹ್ಯಾಂಡ್ ಬ್ರೇಕ್ ಎಳೆದು ಹೋಗಬ್ಯಾಡ್ರಿ, ತಿಂಗಳುಗಟ್ಟಲೆ ನಿಂತ್ರ ತುಕ್ಕಿಗೆ ಬ್ರೇಕ್ ಅಂಟಿಕೋತದ. ಗೇರಿನಾಗ ಹಾಕಿ, ಗಾಲಿಗೆ ಕಲ್ಲು ಕೊಡ್ರಿ. ಬ್ಯಾಟರಿಯ ಮೈನಸ್ ಬಿಚ್ಚಿ ಇಡ್ರಿ. ಜೋಳದ ಚೀಲ ಇಟ್ಟ ಕೋಣ್ಯಾಗೇ ಗಾಡಿ ನಿಲ್ಲಿಸಿದ್ರ ಇಲಿ ಜೋಳ ತಿಂದು ಬಾಯಿ ಒರೆಸಿಕೊಳ್ಳಾಕ ನಿಮ್ಮ ವೈರಿಂಗ್‌ಗೆ ಬರ್ತದ.

ಭಾಗ 6/7

ಈಗ ನನಗ ನಿಜವಾಗಿ ಸಿಟ್ಟು ಬರೋ ವಿಷಯ.

ಕೀಲಿ ಯಾರ ಕೈಯಾಗ ಐತಿ? ಅವ್ವ, ತಂಗಿ, ಮನಿ ಹೆಣ್ಮಗಳು. ಅವರಿಗೆ ಏನು ಹೇಳಿಕೊಟ್ಟೀವಿ? ಏನೂ ಇಲ್ಲ. "ನಿನಗ ತಿಳಿಯೂದಿಲ್ಲ, ಸುಮ್ನ ಸ್ಟಾರ್ಟ್ ಮಾಡು." ಟ್ಯಾಂಕ್ ಯಾಕ ತುಂಬಿಸ್ಬೇಕು, ಮೈನಸ್ ಯಾವುದು, ಒಂದೂ ಹೇಳೂದಿಲ್ಲ. ಆರು ತಿಂಗಳಿಗೆ ಬಂದು ಗಾಡಿ ಚಾಲೂ ಆಗ್ಲಿಲ್ಲ ಅಂದ್ರ ಮೊದಲ ಬೈಗುಳ ಅವರಿಗೇ. ಕುಕ್ಕರಿನ ಗ್ಯಾಸ್ಕೆಟ್ ಬದಲಿಸೋಳಿಗೆ, ಮೋಟಾರ್ ಸ್ಟಾರ್ಟರ್‌ನ ಫ್ಯೂಸ್ ನೋಡೋಳಿಗೆ ಹತ್ತು ನಂಬರ್ ಸ್ಪ್ಯಾನರ್ ಹಿಡಿಯಾಕ ಬರೂದಿಲ್ಲಂತ!

ಅವರು ತಿಂಗಳಿಗೊಮ್ಮೆ ಮಾಡಬೇಕಾದ್ದು ಇಷ್ಟು: ಗಾಡಿಯನ್ನ ಎಂಜಿನ್ ಇಲ್ಲದೇ ಅರ್ಧ ಗಾಲಿ ಮುಂದ ತಳ್ಳೂದು, ಗಾಳಿ ನೋಡೂದು, ಬ್ಯಾಟರಿಯನ್ನ ಚಾರ್ಜಿಗೆ ಕೊಡೂದು. ಗಾಡಿ ಓಡಿಸಾಕ ಬರ್ತದ, ಲೈಸೆನ್ಸ್ ಐತಿ ಅಂದ್ರ ಇನ್ನೂ ಚಲೋ. ಅರ್ಧ ತಾಸು ರೋಡಿಗೆ ಒಯ್ದು ಎಂಜಿನ್ ಪೂರ್ತಿ ಕಾಯಿಸಿ ತರಲಿ. ಅದೇ ಸರಿಯಾದ ಸ್ಟಾರ್ಟು. ಆದ್ರ ತಂಗಿ ಗಾಡಿ ಒಯ್ದ್ರ ಓಣಿ ಮಂದಿ ಏನಂತಾರ ಅಂತ ನಾವೇ ಹೆದರ್ತೀವಿ, ಹಿಂಗಾಗಿ ಗಾಡಿ ಶೆಡ್‌ನ್ಯಾಗೇ ಕೊಳೀತದ. ಇತ್ತ ಪುಣೆದಾಗ ಅಣ್ಣ ಇಟ್ಟಂಗಿ ಹೊತ್ತು ಅದೇ ಗಾಡಿಯ ಇಎಂಐ ಕಟ್ತಾನ. ಮನಿಯಾಗ ಹೊಲ ಬಿಟ್ರ ದೊಡ್ಡ ಆಸ್ತಿ ಅದೊಂದೇ ಇರ್ತದ.

ಭಾಗ 7/7

ಶ್ರಾವಣದಾಗ ಬಾಗೇವಾಡಿ ಜಾತ್ರಿಗೆ ಎಲ್ಲಾರೂ ಊರಿಗೆ ಬರ್ತಾರ. ಬಂದ ದಿವಸಾನೇ ತಮ್ಮ ಗಾಡಿ ತಗೊಂಡು, ಹಿಂದ ಇಬ್ಬರನ್ನ ಕೂಡಿಸಿಕೊಂಡು ಯಲಗೂರ ಹನುಮಪ್ಪಗ ಹೊಂಟ. ಬ್ರೇಕ್ ನೋಡಿದವರು ಯಾರು? ಡಿಸ್ಕ್ ಬ್ರೇಕಿನ ಫ್ಲೂಯಿಡ್ ಸುಮ್ನ ಇದ್ರೂ ತೇವ ಎಳಕೋತದ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತೇವ ಕುಡಿದ ಫ್ಲೂಯಿಡ್ ಬಿಸಿಯಾದಾಗ ಲಿವರ್ ಒತ್ತಿದ್ರ ಮೆತ್ತಗ ಒಳಗ ಹೋಗ್ತದ, ಗಾಡಿ ನಿಲ್ಲೂದಿಲ್ಲ. ಮೊದಲ ದಿನ ಓಣ್ಯಾಗೇ ಹತ್ತರ ಸ್ಪೀಡಿನಾಗ ಒಬ್ಬನೇ ಓಡಿಸಿ ಬ್ರೇಕ್ ಹಿಡೀರಿ. ಅದಾದ ಮೇಲೆ ಹನುಮಪ್ಪ.

ಕಾಗದಾನೂ ನೋಡ್ರಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರ್ತದ. ಅದಕ್ಕೇ ಅದು ಮುಗಿದದ್ದು ಯಾರಿಗೂ ನೆನಪಿರೂದಿಲ್ಲ. ವಿಮೆ ಇಲ್ಲದೇ ರೋಡಿಗೆ ತಂದ್ರ ಮೊದಲ ಸಲ 2000 ರೂಪಾಯಿ ದಂಡ. ದಂಡ ಹೋಗಲಿ, ಯಾರಿಗಾದ್ರೂ ಹೊಡೆದ್ರ ಪರಿಹಾರ ಹೊಲ ಮಾರಿ ಕೊಡಬೇಕಾಗ್ತದ. ಓನ್ ಡ್ಯಾಮೇಜ್ ಪಾಲಿಸಿ ಮುಗಿದು 90 ದಿನ ದಾಟಿದ್ರ ನೋ ಕ್ಲೇಮ್ ಬೋನಸ್ ಕೂಡ ಹೋಗ್ತದ.

ಈಗ ಎದ್ದು ಹೋಗಿ ನಿಮ್ಮ ಗಾಡಿ ಟೈರಿನ ಆ ನಾಲ್ಕು ಅಂಕಿ ನೋಡಿ ಕಾಮೆಂಟ್‌ನ್ಯಾಗ ಹಾಕ್ರಿ. ಊರಾಗಿಲ್ಲದವರು ತಂಗಿಗೆ ವಿಡಿಯೋ ಕಾಲ್ ಮಾಡ್ರಿ, ಅವಳೇ ಓದಿ ಹೇಳ್ತಾಳ. ಅತಿ ಹಳೇದು ಯಾರದು ನೋಡೋಣ.

#ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ನಿಂತಗಾಡಿ