ಬೇಕೆಂದೇ ಸೋಲುವ ಹಿರಿಯರು

ಮಕ್ಕಳೊಡನೆ ಮಣೆಯಾಟಕ್ಕೆ ಕುಳಿತ ಹಿರಿಯರು ಬೇಕೆಂದೇ ಸೋಲುವುದು ಈಗ ಸುಶಿಕ್ಷಿತ ಕುಟುಂಬಗಳಲ್ಲಿ ವಾತ್ಸಲ್ಯದ ಲಕ್ಷಣವೆನಿಸಿಕೊಂಡಿದೆ. ಐದು ವರ್ಷದ ಮಗುವು ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡು ಕಣ್ಣು ತುಂಬಿಕೊಂಡರೆ ಸಾಕು, ತಾತನು ಬಿದ್ದ ಗರವನ್ನು ಮರೆಮಾಚುವನು. ತಂದೆಯು ಹೊಡೆಯಬಹುದಾದ ಕಾಯಿಯನ್ನು ಕಾಣದವನಂತೆ ನಟಿಸುವನು. ಮಗುವಿನ ಮನಸ್ಸು ನೋಯಬಾರದೆಂಬುದು ಇವರ ಸಮರ್ಥನೆ. ಇದು ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ. ಕವಡೆಯನ್ನು ಎಣಿಸಬಲ್ಲ ಮಗುವಿಗೆ ಹಿರಿಯರ ನಟನೆಯೂ ಬಹು ಬೇಗ ತಿಳಿಯುವುದು. ತಿಳಿದ ದಿನ ಅದು ಹಿಂದೆ ಗೆದ್ದುದೆಲ್ಲವೂ ಸುಳ್ಳಾಗುವುದಲ್ಲದೆ, ಮುಂದೆ ನಿಜವಾಗಿ ಗೆದ್ದಾಗಲೂ ಅದು ಹಿರಿಯರ ಮುಖವನ್ನು ಸಂಶಯದಿಂದ ನೋಡುವುದು.

ಆಟವನ್ನು ಆರಿಸುವಾಗಲೇ ವಿವೇಕವಿದ್ದಲ್ಲಿ ಈ ವಂಚನೆಗೆ ಅವಕಾಶವೇ ಬಾರದು. ಚೌಕಾಬಾರದ 25 ಮನೆಗಳಲ್ಲಿ ನಾಲ್ಕು ಕವಡೆಗಳು ತಾತನಿಗೂ ಮೊಮ್ಮಗಳಿಗೂ ಒಂದೇ ನ್ಯಾಯದಿಂದ ಬೀಳುವುವು. ಯಾವ ಕಾಯಿಯನ್ನು ನಡೆಸಬೇಕೆಂಬಷ್ಟೇ ಬುದ್ಧಿಯ ಪಾಲು. ಹಾವು-ಏಣಿಯಲ್ಲಿ ಆ ಪಾಲೂ ಇಲ್ಲ. ಅಳಗುಳಿಮಣೆಯಲ್ಲಾದರೋ ಲೆಕ್ಕ ಬಲ್ಲವನದೇ ಮೇಲುಗೈ. 14 ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ 56 ಬೀಜಗಳನ್ನಿಟ್ಟು ಆಡುವ ಮನೆಗಳಲ್ಲಿ, ಸೋತವನು ತುಂಬಲಾರದ ಗುಳಿಗಳನ್ನು ಮರುಸುತ್ತಿನಲ್ಲಿ ಬಿಟ್ಟು ಆಡುವ ಪದ್ಧತಿಯುಂಟು. ಹಿರಿಯನು ಮೊದಲ ಸುತ್ತಿನಲ್ಲಿಯೇ, ಮಗುವಿಗೆ ಹೇಳಿ, ತನ್ನ ಎರಡು ಗುಳಿಗಳನ್ನು ಬರಿದುಮಾಡಿ ಕುಳಿತುಕೊಳ್ಳಲಿ. ಅನಂತರ ಕೈ ಬಿಗಿಹಿಡಿಯದೆ ಆಡಲಿ. ಬಹಿರಂಗವಾಗಿ ಕೊಟ್ಟ ಅನುಕೂಲವು ಮೋಸವಲ್ಲ. (ಬೀಜಗಳು ಹುಣಸೆಯವಾಗಿರಲಿ, ಗುಲಗಂಜಿಯು ವಿಷಬೀಜ.)

ಸಭಾಪರ್ವವನ್ನು ತೋರಿಸಿ, ಕವಡೆಯೇ ಅನರ್ಥಮೂಲವೆಂದು ಬೆದರಿಸುವವರೂ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯನ್ನು ಆಟಗಳಿಗೆಂದು ಮೀಸಲಿಟ್ಟುದು ಸಭಾಪರ್ವವನ್ನರಿಯದೆಯೇ? ಅಲ್ಲಿನ ದೋಷಗಳು ಎರಡು, ಪಣ ಮತ್ತು ಕಪಟ. ಈ ವತ್ಸಲರು ಪಣವನ್ನು ಬಿಟ್ಟು ಕಪಟವನ್ನು ಮಾತ್ರ ಉಳಿಸಿಕೊಂಡಿರುವರು.

ಏಳೆಂಟು ವರ್ಷವಾದ ಮೇಲೆ ಹುಲಿ-ಕುರಿ ಆಟವು ಯುಕ್ತ. ಮೂರು ಹುಲಿ, 15 ಕುರಿ. ಗೀಟೆಳೆಯಲು ಸೀಮೆಸುಣ್ಣವೊಂದಿದ್ದರೆ ಸಾಕು. ಮೊದಲು ಹುಲಿಯ ಪಕ್ಷವನ್ನು ಮಗುವಿಗೆ ಕೊಡಬೇಕು, ಏಕೆಂದರೆ ಕುರಿಗಳನ್ನು ಕೂಡಿಸಿ ಹುಲಿಯನ್ನು ಕಟ್ಟಿಹಾಕುವುದಕ್ಕೆ ಮುಂದಾಲೋಚನೆ ಹೆಚ್ಚು ಬೇಕು. ಬಳಿಕ ಪಕ್ಷ ಬದಲಾಗಲಿ. ಆಗ ಸೋತ ಮಗುವು ಕಾಯಿಗಳನ್ನು ಚೆಲ್ಲಿ ಎದ್ದುಹೋದರೆ ಹೋಗಲಿ. ಹಿರಿಯರು ಅವನ್ನು ಆಯ್ದು, ಮತ್ತೆ ಜೋಡಿಸಿ, ಅಲ್ಲಿಯೇ ಕುಳಿತಿರತಕ್ಕದ್ದು.