ಹಳೇ ಬೇಲಿಯ ಮರಕ್ಕೂ ಜಾತಕ ಬೇಕು

ಬೇಸಿಗೆ ರಜೆ. ಮಲೆನಾಡಿನ ಮನೆಯೊಂದರಲ್ಲಿ ಬೇಲಿ ಬದಲಾಯಿತು. ಸಿಮೆಂಟ್ ಕಂಬ, ಮುಳ್ಳುತಂತಿ ಬಂದವು. ಹಳೆಯ ಗೂಟ, ಹಲಗೆ, ಅಡಿಕೆ ದಬ್ಬೆ ಎಲ್ಲ ಅಂಗಳದ ಮೂಲೆಗೆ ರಾಶಿ ಬಿದ್ದವು. ಆ ರಾಶಿಯ ಮೇಲೆ ಮೂವರ ಕಣ್ಣು. ಹೈಸ್ಕೂಲಿಗೆ ಹೋಗುವ ಹುಡುಗನಿಗೆ ಪುಸ್ತಕದ ಕಪಾಟು ಮಾಡುವ ಆಸೆ. ಅವನ ಅಮ್ಮನಿಗೆ ಹೂಕುಂಡ ಇಡಲು ಒಂದು ಸ್ಟ್ಯಾಂಡು ಬೇಕು. ಅಜ್ಜಿಯದು ನೇರ ಲೆಕ್ಕ: ಮಳೆಗಾಲ ಹತ್ತಿರ ಬಂತು, ಬಚ್ಚಲ ಒಲೆಗೆ ಒಣ ಸೌದೆ ಸಿಕ್ಕಿತು!

ಮೂವರದೂ ತಪ್ಪಲ್ಲ. ಒಳ್ಳೆಯ ಮರವನ್ನು ಕೊಳೆಯಲು ಬಿಡುವುದು ಯಾರಿಗೂ ಇಷ್ಟವಿಲ್ಲ. ಆದರೆ ಗರಗಸ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಇಷ್ಟು ವರ್ಷ ಮಳೆಯಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಗೆದ್ದಲಿನ ನೆಲದಲ್ಲಿ ನಿಂತೂ ಈ ಮರ ಉಳಿದದ್ದು ಹೇಗೆ?

ಉತ್ತರ ಎರಡೇ. ಒಂದು, ಮರವೇ ಗಟ್ಟಿ. ತೇಗ, ಹೊನ್ನೆ, ಹಲಸಿನಂಥ ಮರಗಳ ಕೆಚ್ಚು ತನ್ನಷ್ಟಕ್ಕೆ ಬಹುಕಾಲ ಬಾಳುತ್ತದೆ. ಇನ್ನೊಂದು, ಮರಕ್ಕೆ ಯಾರೋ ಏನನ್ನೋ ಕುಡಿಸಿದ್ದಾರೆ ಅಥವಾ ಬಳಿದಿದ್ದಾರೆ. ಹಳ್ಳಿಗಳಲ್ಲಿ ಗೂಟದ ಬುಡವನ್ನು ಬೆಂಕಿಯಲ್ಲಿ ಕರಿಕು ಮಾಡಿ ನೆಡುವ ರೂಢಿ ಉಂಟು. ಟಾರು ಬಳಿಯುವವರುಂಟು, ಹಳೆಯ ಎಂಜಿನ್ ಆಯಿಲ್ ಹಚ್ಚುವವರುಂಟು. ಕರಾವಳಿಯ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಸವರುವುದುಂಟು. ಆ ಹಸಿ ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ ಎಂಬುದು ಅಲ್ಲಿನವರಿಗೆ ಗೊತ್ತು. ಇವಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಾರ್ಖಾನೆಯಲ್ಲಿ ಒತ್ತಡ ಹಾಕಿ ಮದ್ದು ಕುಡಿಸಿದ ಮರಕ್ಕೆ.

ಡೆಹ್ರಾಡೂನಿನ ಮದ್ದು

ಆ ಮದ್ದಿನ ಕಥೆ ಭಾರತದಲ್ಲೇ ಶುರುವಾಗುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಬೆರೆಸಿ ಒಂದು ದ್ರಾವಣ ಸಿದ್ಧಪಡಿಸಿದರು. ಆರ್ಸೆನಿಕ್ ಎಂದರೆ ಪಾಷಾಣದ ಮೂಲ. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಕಚ್ಚಿ ಹಿಡಿಸುತ್ತದೆ. ಈ ಮದ್ದಿಗೆ ‘ಆಸ್ಕು’ ಎಂಬ ಹೆಸರು ಬಂತು. ರಸಾಯನಶಾಸ್ತ್ರದ ಪುಸ್ತಕ ತೆರೆದರೆ ಗುಟ್ಟು ತಿಳಿಯುತ್ತದೆ: ಆರ್ಸೆನಿಕ್ಕಿನ ಚಿಹ್ನೆ ಎ.ಎಸ್., ತಾಮ್ರದ್ದು ಸಿ.ಯು. ಎರಡನ್ನೂ ಕೂಡಿಸಿದರೆ ಆಸ್ಕು.

ಕಾಮೇಶಂ ಅವರಿಗೆ 1938ರಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ತಂತಿ ಕಂಬ, ವಿದ್ಯುತ್ ಕಂಬ, ಬೇಲಿ, ಮನೆಯ ಜಗಲಿ ಹೀಗೆ ಅನೇಕ ದೇಶಗಳಲ್ಲಿ ಈ ಮದ್ದು ಬಳಕೆಗೆ ಬಂತು. ಬೇಗ ಕೊಳೆಯುವ ಅಗ್ಗದ ಮರವೂ ದಶಕಗಟ್ಟಲೆ ನಿಂತಿತು. ಅಷ್ಟು ಕಾಡು ಉಳಿಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಮರದ ಮೈಯಿಂದ ಆರ್ಸೆನಿಕ್ ಅಷ್ಟಿಷ್ಟು ಮಣ್ಣಿಗೂ ಮಕ್ಕಳ ಕೈಗೂ ಇಳಿಯುತ್ತದೆ ಎಂಬ ಚಿಂತೆ ಬೆಳೆಯಿತು. ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಕ್ಕೆ ಇದನ್ನು ಹಾಕುವುದು ನಿಲ್ಲಿಸಿದರು. ಅಷ್ಟರೊಳಗೆ ನೆಟ್ಟ ಬೇಲಿಗಳು ಮಾತ್ರ ಇದ್ದಲ್ಲೇ ಇದ್ದವು.

ಒಲೆಗೆ ಹಾಕಿದರೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಿನಲ್ಲಿ ಎಂಟು ಜನರ ಒಂದು ಕುಟುಂಬವಿತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅವರು ಒಲೆಗೆ ಹಾಕುತ್ತಿದ್ದುದು ಈ ಮದ್ದು ಕುಡಿಸಿದ ಮರದ ತುಂಡುಗಳನ್ನು. ಚಳಿಗಾಲ ಬಂತೆಂದರೆ ಮನೆಮಂದಿಗೆಲ್ಲ ಕಾಯಿಲೆ, ಕೂದಲು ಉದುರುವುದು ಬೇರೆ. ಕಾರಣ ತಿಳಿಯದೆ ವರ್ಷಗಳು ಕಳೆದವು. ಕೊನೆಗೆ ಒಲೆಯ ಬೂದಿ ಮತ್ತು ಮನೆಯ ಧೂಳಿನ ಮೇಲೆ ಅನುಮಾನ ಬಂದು ಪರೀಕ್ಷಿಸಿದಾಗ ಆರ್ಸೆನಿಕ್ ಸಿಕ್ಕಿತು. 1984ರಲ್ಲಿ ವೈದ್ಯಪತ್ರಿಕೆಯಲ್ಲಿ ಇದರ ವರದಿ ಬಂತು.

ಮರ ಸುಡುತ್ತದೆ, ಲೋಹ ಸುಡುವುದಿಲ್ಲ. ಆರ್ಸೆನಿಕ್ಕಿನ ಒಂದು ಪಾಲು ಹೊಗೆಯ ಜತೆ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಗಾಡಿ ತುಂಬ ಮರದಲ್ಲಿದ್ದ ವಿಷ ಒಂದು ಬುಟ್ಟಿ ಬೂದಿಗೆ ಇಳಿದರೆ ಅದರ ಸಾಂದ್ರತೆ ಎಷ್ಟಾದೀತು! ಕನ್ನಡನಾಡಿನ ಮನೆಗಳಲ್ಲಿ ಬೂದಿಯನ್ನು ಎಸೆಯುವ ಅಭ್ಯಾಸವೂ ಇಲ್ಲ. ಅದರಲ್ಲಿ ಪಾತ್ರೆ ತಿಕ್ಕುತ್ತಾರೆ, ಬಸಳೆ ಬುಡಕ್ಕೆ ಹಾಕುತ್ತಾರೆ, ಬದನೆಯ ಎಲೆಗೆ ಎರಚುತ್ತಾರೆ. ಆದ್ದರಿಂದ ಮೂಲ ತಿಳಿಯದ ಬೇಲಿಮರವನ್ನು ಸೌದೆ ಮಾಡಲೇಬಾರದು. ಕಪಾಟಿನದು ಆಮೇಲಿನ ಮಾತು, ಒಲೆಯದೇ ಮೊದಲ ಅಪಾಯ.

ಗುರುತು ಹಿಡಿಯುವುದು

ಈ ಮದ್ದು ಕುಡಿದ ಹೊಸ ಮರಕ್ಕೆ ತೆಳು ಹಸಿರು ಛಾಯೆ ಇರುತ್ತದೆ. ವರ್ಷಗಳು ಕಳೆದಂತೆ ಅದು ಮಾಸಿ, ಎಲ್ಲ ಹಳೆಯ ಮರದಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ತೋಟದಲ್ಲಿದ್ದ ಮರಕ್ಕೆ ಬೋರ್ಡೋ ದ್ರಾವಣ ಸಿಡಿದೂ ಹಸಿರು ಕಲೆ ಬೀಳಬಹುದು. ಅದು ಮೈಲುತುತ್ತದ ಕಲೆ. ಹಾಗಾಗಿ ಹಸಿರು ಕಂಡರೆ ಅನುಮಾನಪಡಬೇಕು, ಕಾಣದಿದ್ದರೆ ನಿಶ್ಚಿಂತೆ ಎನ್ನಲಾಗದು. ರೈಲ್ವೆಯ ಹಳೆಯ ಸ್ಲೀಪರುಗಳಲ್ಲಿ ಕೆಲವಕ್ಕೆ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ. ಕಪ್ಪು ಬಣ್ಣ, ಬಿಸಿಲಿಗೆ ಹೊಮ್ಮುವ ಟಾರಿನ ವಾಸನೆ ಅದರ ಗುರುತು. ಅದೂ ಮನೆಯೊಳಗೆ ಬರತಕ್ಕದ್ದಲ್ಲ.

ಬಣ್ಣ ಬಳಿದ ಗೇಟು, ಹಲಗೆಗಳದು ಬೇರೆಯೇ ಸಂಗತಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಎಂದೇ ತಿಳಿಯುವುದು ಒಳ್ಳೆಯದು. ಅದನ್ನು ಉಜ್ಜುಕಾಗದದಿಂದ ತಿಕ್ಕಿದರೆ ಸೀಸದ ಧೂಳು ಏಳುತ್ತದೆ. ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ವೈರಿ.

ಕೆಲಸಕ್ಕೆ ಇಳಿಯುವ ಮುನ್ನ

ಮೂಲ ಗೊತ್ತಿರುವ, ಏನನ್ನೂ ಬಳಿಯದ ಮರ ಸಿಕ್ಕರೆ ಅದು ನಿಧಿಯೇ ಸರಿ. ರಾಶಿಗೆ ಕೈಹಾಕುವ ಮೊದಲು ಕೋಲಿನಿಂದ ಅಲುಗಿಸಬೇಕು. ಚೇಳು, ಹಾವು ಅಡಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಇಳಿದರೆ ಒಳಗೆ ಟೊಳ್ಳು. ಮೊಳೆಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಬೇಕು. ಮುರಿದು ಒಳಗೇ ಉಳಿದ ಮೊಳೆಯನ್ನು ಅಯಸ್ಕಾಂತ ಆಡಿಸಿ ಹುಡುಕಬಹುದು. ಮೊಳೆ ಚುಚ್ಚಿದರೆ ಭಯ ತುಕ್ಕಿನದಲ್ಲ, ಅದಕ್ಕಂಟಿದ ಮಣ್ಣಿನಲ್ಲಿರುವ ಧನುರ್ವಾಯು ರೋಗಾಣುವಿನದು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಟಿ.ಡಿ. ಚುಚ್ಚುಮದ್ದು ಇದೆ. ಮಗುವಿಗೆ ಅದು ಆಗಿದೆಯೇ ಎಂದು ತಂದೆತಾಯಿ ನೋಡಿಕೊಳ್ಳಬೇಕು.

ಗರಗಸದ ಕೆಲಸ ಹೊರಗೆ, ಬಯಲಿನಲ್ಲಿ, ದೊಡ್ಡವರ ಎದುರಿಗೇ ಆಗಲಿ. ಯಾವ ಮರದ ಧೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಮೂಗಿಗೆ ಕರ್ಚೀಫು ಸಾಲದು, ಎನ್-95 ಮಾಸ್ಕ್ ಬೇಕು. ಮರದ ಹುಡಿಯನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳದು. ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಹಳೆ ಬೇಲಿಮರದಲ್ಲಿ ಕಪಾಟು, ಕುಂಡದ ಸ್ಟ್ಯಾಂಡು, ಚಪ್ಪಲಿ ಗೂಡು ಮಾಡಬಹುದು. ತರಕಾರಿ ಹೆಚ್ಚುವ ಮಣೆ, ತೊಟ್ಟಿಲು, ಆಟಿಕೆ ಮಾತ್ರ ಬೇಡ.

ಈಗ ಮತ್ತೆ ಆ ಅಂಗಳಕ್ಕೆ. ಹುಡುಗ ಒಂದೊಂದೇ ಗೂಟ ಎತ್ತಿ ನೋಡಿದ. ಯಾವುದು ಏನೆಂದು ಅವನಿಗೆ ತಿಳಿಯಲಿಲ್ಲ, ಅವನ ಅಪ್ಪನಿಗೂ ತಿಳಿಯಲಿಲ್ಲ. ತಿಳಿದಿದ್ದವರು ಅಜ್ಜಿ ಒಬ್ಬರೇ. ಜಗಲಿಯಲ್ಲಿ ಕೂತೇ ಹೇಳಿದರು:

‘ಆ ಹಲಗೆ ನಮ್ಮ ಹಿತ್ತಿಲ ಹಲಸಿಂದು, ಬಿದ್ದಾಗ ಕೊಯ್ಸಿದ್ದು. ದಬ್ಬೆ ತೋಟದ್ದು. ಆ ಎರಡು ಕರೀ ಕಂಬ ಮಾತ್ರ ನಿನ್ನ ಅಜ್ಜ ಹರಾಜಲ್ಲಿ ತಂದದ್ದು ಮಾರಾಯ, ಎಲ್ಲಿಯದೋ ಏನೋ.’

‘ಹಂಗಾದ್ರೆ ಆ ಎರಡು ಒಲೆಗೆ ಬೇಡ ಅಜ್ಜಿ.’

‘ಯಾಕೆ?’

ಹುಡುಗ ಬೂದಿಯ ಕಥೆ ಹೇಳಿದ. ಪಾತ್ರೆ ತಿಕ್ಕುವ ಬೂದಿ ಎಂದಾಗ ಅಜ್ಜಿ ಮರುಮಾತಾಡಲಿಲ್ಲ. ಹಲಸಿನ ಹಲಗೆ ಕಪಾಟಿಗೆ ಹೋಯಿತು, ದಬ್ಬೆ ಬಚ್ಚಲ ಒಲೆಗೆ. ಕರೀ ಕಂಬಗಳೆರಡು ಬಾವಿಯಿಂದ ದೂರ, ಗದ್ದೆಯ ದಾರಿಯಲ್ಲಿ ಮತ್ತೆ ಕಂಬಗಳಾಗಿಯೇ ನಿಂತವು. ಅವುಗಳ ಮಟ್ಟಿಗೆ ಅದೇ ಸರಿಯಾದ ಜಾಗ.