ದಂಡ ತೆತ್ತು ತೀರಿಸುವ ಅಪರಾಧವೆ?

ಚಾರ್‌ಮಿನಾರಿನ ಬದಿಯ ಲಾಡ್ ಬಜಾರಿನ ಬಳೆಗಳು ಹೈದರಾಬಾದಿಗೆ ಬಂದವರೆಲ್ಲರ ಕಣ್ಣು ಸೆಳೆಯುತ್ತವೆ. ಈ ನಗರದ ಬಳೆಗಳ ಹೊಳಪಿನ ಹಿಂದೆ ಎಳೆಯ ಕೈಗಳ ದುಡಿಮೆಯೂ ಇತ್ತೆಂಬುದು 2015ರ ಜನವರಿಯಲ್ಲಿ ಜಗಜ್ಜಾಹೀರಾಯಿತು. ಹಳೆಯ ನಗರದ ಬಳೆ ತಯಾರಿಕೆಯ ಕೋಣೆಗಳಿಂದ ಪೊಲೀಸರು ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು. ಅವರಲ್ಲಿ ಬಹುಪಾಲು ದೂರದ ಬಿಹಾರದಿಂದ ಕರೆತರಲ್ಪಟ್ಟವರು. ಗಾಳಿಬೆಳಕಿಲ್ಲದ ಕೋಣೆಯಲ್ಲಿ ದಿನವಿಡೀ ಕುಳಿತು ದುಡಿಯುವ ಮಗುವಿನ ಕಣ್ಣು, ಬೆನ್ನು, ಶ್ವಾಸಕೋಶಗಳು ಏನಾದಾವೆಂಬುದನ್ನು ವೈದ್ಯರೇ ಹೇಳಬೇಕಾಗಿಲ್ಲ.

ಕಾನೂನೇ ಇಲ್ಲವೆನ್ನುವಂತಿಲ್ಲ. ಸಂವಿಧಾನದ 23ನೆಯ ವಿಧಿ ಮನುಷ್ಯರ ಕ್ರಯವಿಕ್ರಯವನ್ನು ನಿಷೇಧಿಸಿದೆ. ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಮಕ್ಕಳ ಸಾಗಾಣಿಕೆಗೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಆದರೆ ಪ್ರಕರಣವು ಕೇವಲ ಬಾಲಕಾರ್ಮಿಕ ಕಾಯಿದೆಯಡಿ ದಾಖಲಾದರೆ ಲೆಕ್ಕವೇ ಬೇರೆಯಾಗುತ್ತದೆ. 2016ರಲ್ಲಿ ತಿದ್ದುಪಡಿಯಾದ ಆ ಕಾಯಿದೆಯಂತೆ 6 ತಿಂಗಳಿನಿಂದ 2 ವರ್ಷಗಳವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಮೊದಲ ಸಲದ ಅಪರಾಧವಾದರೆ ಗರಿಷ್ಠ ದಂಡದ ಅರ್ಧವನ್ನು ಕಟ್ಟಿ ರಾಜಿಯಾಗಲೂ ಅವಕಾಶವುಂಟು. ಹತ್ತಾರು ಮಕ್ಕಳ ದುಡಿಮೆಯಿಂದ ಲಾಭ ಗಳಿಸುವವನಿಗೆ 25,000 ರೂಪಾಯಿ ಶಿಕ್ಷೆಯೆನಿಸದು. ಖರ್ಚಿನ ಬಾಬಿನಲ್ಲಿ ಬರೆದುಕೊಳ್ಳುವ ಮತ್ತೊಂದು ಮೊಬಲಗು, ಅಷ್ಟೆ.

ಈ ವಿಷಯದಲ್ಲಿ ರಾಜ್ಯಗಳು ಕೈಕಟ್ಟಿ ಕೂರಬೇಕಾಗಿಲ್ಲ. ಕಾರ್ಮಿಕರ ವಿಷಯವೂ ದಂಡಶಾಸನವೂ ಸಮವರ್ತಿ ಪಟ್ಟಿಯಲ್ಲಿವೆ. ದೇವದಾಸಿ ಪದ್ಧತಿಯ ವಿರುದ್ಧ ಕರ್ನಾಟಕವು 1982ರಲ್ಲಿ, ಆಂಧ್ರಪ್ರದೇಶವು 1988ರಲ್ಲಿ ಸ್ವಂತ ಶಾಸನಗಳನ್ನು ಮಾಡಿದ ನಿದರ್ಶನ ಕಣ್ಣೆದುರಿಗಿದೆ. ಅದರಂತೆಯೇ ರಾಷ್ಟ್ರಪತಿಗಳ ಅಂಕಿತ ಪಡೆದು, ಹೊರರಾಜ್ಯದಿಂದ ಕರೆತಂದ ಮಕ್ಕಳ ಪ್ರಕರಣಗಳಲ್ಲಿ ರಾಜಿಯ ಅವಕಾಶವನ್ನು ರದ್ದುಗೊಳಿಸಬೇಕು. ‘ಅಥವಾ’ ಎಂಬುದನ್ನು ತೆಗೆದು ‘ಮತ್ತು’ ಎಂದು ತಿದ್ದಬೇಕು. ದಂಡದ ಹಣವೂ ಪ್ರತಿ ಮಗುವಿಗೆ ಸರಕಾರ ಸೇರಿಸಬೇಕಾದ 15,000 ರೂಪಾಯಿಯೂ ಪುನರ್ವಸತಿ ನಿಧಿಗೆ ವಿಳಂಬವಿಲ್ಲದೆ ಜಮೆಯಾಗಿ, ಮಗುವಿನ ಹೆಸರಿಗೆ ಬಡ್ಡಿಸಹಿತ ತಲುಪಬೇಕು.

ಬಡತನವಿರುವವರೆಗೆ ಮಕ್ಕಳು ದುಡಿಯಲೇಬೇಕೆಂಬ ವಾದವುಂಟು. ಇದಕ್ಕೆ ಉತ್ತರ ಹೈದರಾಬಾದಿನ ನೆರೆಯಲ್ಲೇ ಇದೆ. ಪ್ರೊ. ಶಾಂತಾ ಸಿನ್ಹಾ ಅವರ ಎಂ. ವಿ. ಫೌಂಡೇಶನ್ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತದ ಮಕ್ಕಳನ್ನು ಬಿಡಿಸಿ ಶಾಲೆಗೆ ಸೇರಿಸಿತು. ದಾರಿ ತೋರಿದರೆ ಬಡ ತಂದೆತಾಯಿಗಳೂ ಮಕ್ಕಳನ್ನು ಶಾಲೆಗೇ ಕಳುಹಿಸುವರೆಂಬುದು ಆ ಕಾರ್ಯದಿಂದ ಸಿದ್ಧವಾಯಿತು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಶಾಸನದ ಮಾತು ಮನೆಯ ಹೊಸ್ತಿಲಿಗೂ ಅನ್ವಯಿಸುತ್ತದೆ. ಊರಿನ ಕಡೆಯಿಂದ ‘ಮನೆಯ ಮಗಳಂತೆ ನೋಡಿಕೊಳ್ಳುತ್ತೇವೆ’ ಎಂದು ಹೇಳಿ ಹುಡುಗಿಯನ್ನು ಕೆಲಸಕ್ಕೆ ಕರೆತರುವ ರೂಢಿಯಿಂದ ಪ್ರವಾಸಿ ಕನ್ನಡ ಕುಟುಂಬಗಳೂ ಹೊರತಲ್ಲ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇರಿಸಿಕೊಳ್ಳುವುದು 2006ರ ಅಕ್ಟೋಬರಿನಿಂದಲೇ ನಿಷಿದ್ಧ. ಮಗಳಂತೆ ನೋಡಿಕೊಳ್ಳುವುದು ನಿಜವಾದರೆ ಆಕೆಯ ಕೈಯಲ್ಲಿ ಪೊರಕೆಯಲ್ಲ, ಪುಸ್ತಕವಿರಬೇಕು. ನೆರೆಮನೆಯಲ್ಲಿ ಅಂಥ ಮಗು ಕಂಡರೆ 1098ಕ್ಕೆ ಕರೆಮಾಡುವುದು ಚಾಡಿಯಲ್ಲ, ಕರ್ತವ್ಯ. ಬಿಗಿಯಾದ ಕಾನೂನನ್ನು ಬೇಡುವ ಅಧಿಕಾರ, ಇರುವ ಕಾನೂನನ್ನು ಪಾಲಿಸುವವರಿಗೇ ಒಪ್ಪುತ್ತದೆ.